ಕಾಫಿ ಕಣದಲ್ಲಿ ಸ್ಟೀರಿಂಗ್ ಶಾಫ್ಟ್ ಕೂಡಿಸಿದ ಮೂರು ದಿನ

ನಮಸ್ಕಾರ. ಬೆಳಗ್ಗೆ ಏಳೂವರೆ. ಆಲ್ದೂರು ಕಡೆಯ ನಮ್ಮ ತೋಟ. ಕೊಯ್ಲು ಮುಗಿದಿದೆ, ರೊಬಸ್ಟಾ ಕೂಡ ಒಣಗಿ ಮೂಟೆ ಸೇರಿದೆ. ಹಾಗಾಗಿ ಕಣ ಖಾಲಿ. ವರ್ಷದಲ್ಲಿ ಈ ಕೆಲವು ವಾರ ಮಾತ್ರ ಈ ಕಣ ನನ್ನದು.

ನಡುವೆ ನಿಂತಿದೆಯಲ್ಲ, ಅದೇ ನಮ್ಮ ಕಾರು. ಇನ್ನೂ ಬಾಡಿ ಬಂದಿಲ್ಲ. ಬರೀ ಚೌಕ ಪೈಪಿನ ಚಾಸಿ, ನಾಲ್ಕು ಚಕ್ರ, ಹಳೆ ಮಾರುತಿ ಜಿಪ್ಸಿ ಜೀಪಿನ 1300 ಸಿಸಿ ಇಂಜಿನ್. ಹೋದ ವಿಡಿಯೋದಲ್ಲಿ ಸಸ್ಪೆನ್ಷನ್ ಮುಗಿಸಿದ್ದೆ. ಇವತ್ತು ಸ್ಟೀರಿಂಗ್ ಶಾಫ್ಟ್.

ಹೊಸದಾಗಿ ಬಂದವರಿಗೆ ಒಂದು ಮಾತು. ಈ ಆಕಾರ ನನ್ನದಲ್ಲ. 1957ರಲ್ಲಿ ಇಂಗ್ಲೆಂಡಿನಲ್ಲಿ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ ತಂದ ಸೆವೆನ್ ಕಾರಿನ ಆಕಾರ. ಪೂರ್ತಿ ಕಾರು ಕೊಂಡರೆ ಅಲ್ಲಿ ಖರೀದಿ ತೆರಿಗೆ ಕಟ್ಟಬೇಕಿತ್ತು, ಬಿಡಿ ಭಾಗಗಳಾಗಿ ಕೊಂಡರೆ ಅದು ಉಳಿಯುತ್ತಿತ್ತು. ಹಾಗಾಗಿ ಎಷ್ಟೋ ಜನ ಮನೆಯಲ್ಲೇ ಕೂಡಿಸಿಕೊಂಡರು. ಮೂತಿ ಉದ್ದ, ಡ್ರೈವರ್ ಕೂರುವುದು ಹೆಚ್ಚುಕಮ್ಮಿ ಹಿಂದಿನ ಚಕ್ರದ ಪಕ್ಕದಲ್ಲೇ. ನೋಡಲು ಚೆಂದ. ಆದರೆ ಕೈಯಲ್ಲಿರುವ ಸ್ಟೀರಿಂಗಿಗೂ, ಮುಂದಿನ ಚಕ್ರಗಳನ್ನು ತಿರುಗಿಸುವ ಹಲ್ಲಿನ ಸರಳಾದ ರ‍್ಯಾಕಿಗೂ ತುಂಬಾ ದೂರ.

ಜಿಪ್ಸಿಯ ಸ್ಟೀರಿಂಗ್ ಬಾಕ್ಸ್ ಇಷ್ಟು ತಗ್ಗು ಗಾಡಿಗೆ ಹೊಂದುವುದಿಲ್ಲ. ಅದಕ್ಕೆ ಮಾರುತಿ 800ರ ರ‍್ಯಾಕ್ ಹಾಕಿದ್ದೇನೆ. ಗುಜರಿಯಲ್ಲಿ ಸಿಕ್ಕಿದ್ದು, ಬಿಚ್ಚಿ ತೊಳೆದು ಹೊಸ ಗ್ರೀಸ್ ತುಂಬಿದ್ದೇನೆ. ಹಲ್ಲು ಸವೆದಿಲ್ಲ, ಪ್ಲೇ ಅಂದರೆ ಸಡಿಲ ಆಟ ಇಲ್ಲ. ಈಗ ಸ್ಟೀರಿಂಗ್ ಚಕ್ರ ಕೂರುವ ಕಂಬ, ಅಂದರೆ ಕಾಲಮ್ಮಿನ ತುದಿಯಿಂದ ಈ ರ‍್ಯಾಕಿನ ಪಿನಿಯನ್‌ವರೆಗೆ, ಅಂದರೆ ಅದನ್ನು ಓಡಿಸುವ ಸಣ್ಣ ಹಲ್ಲುಚಕ್ರದವರೆಗೆ, ಒಂದು ಶಾಫ್ಟ್ ಹೋಗಬೇಕು. ನೇರ ಹೋದರೆ ಇಂಜಿನ್ ಮೌಂಟಿಗೆ ಬಡಿಯುತ್ತದೆ. ನೇರ ಹೋಗುವ ಜಾಗ ಇದ್ದರೂ ನಾನು ಹಾಗೆ ಹಾಕುತ್ತಿರಲಿಲ್ಲ. ಮುಂದೆ ಗುದ್ದಿದರೆ ಒಂದೇ ನೇರ ಸರಳು ಸೀದಾ ಡ್ರೈವರ್ ಎದೆಗೆ ಬರುತ್ತದೆ. ನಡುವೆ ಎರಡು ಕಡೆ ಜಾಯಿಂಟ್ ಇಟ್ಟು ಡೊಂಕು ಮಾಡಿದ್ದರೆ ಶಾಫ್ಟ್ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಕಾಲಮ್ ಕೂಡ ಒಂದರೊಳಗೊಂದು ಜಾರಿ ಕುಗ್ಗುವಂಥದ್ದನ್ನೇ ಉಳಿಸಿಕೊಂಡಿದ್ದೇನೆ.

ಮೊದಲ ದಿನ ಕಬ್ಬಿಣ ಮುಟ್ಟಲೇ ಇಲ್ಲ. ಇದು ಸ್ಪ್ರಿಂಕ್ಲರ್ ಲೈನ್ ಹಾಕಿದಾಗ ಉಳಿದ ಅರ್ಧ ಇಂಚಿನ ಪಿವಿಸಿ ಪೈಪ್. ಇದನ್ನೇ ಶಾಫ್ಟ್ ಅಂತ ಇಟ್ಟುಕೊಂಡು ಅಳತೆ ನೋಡಿದೆ. ಪೈಪನ್ನು ಹತ್ತು ಸಲ ಕತ್ತರಿಸಬಹುದು. ಶಾಫ್ಟ್ ಒಂದು ಸಲ ಗಿಡ್ಡ ಆದರೆ ಮುಗಿಯಿತು.

ಇಲ್ಲೊಂದು ವಿಷಯ ಗಮನಿಸಿ. ಕಣ ಕಣ್ಣಿಗೆ ಮಟ್ಟವಾಗಿ ಕಾಣುತ್ತದೆ, ಅಲ್ವಾ? ಮಟ್ಟ ಇಲ್ಲ. ಮಳೆ ನೀರು ನಿಲ್ಲಬಾರದು ಅಂತ ಒಂದು ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ರಸಮಟ್ಟ ಇಟ್ಟರೆ ಗುಳ್ಳೆ ಓಡಿಹೋಗುತ್ತದೆ. ಹಾಗಾಗಿ ಕೋನ ಅಳೆಯುವ ಡಿಜಿಟಲ್ ಗೇಜನ್ನು ನೆಲಕ್ಕೆ ಇಡಲಿಲ್ಲ. ಚಾಸಿಯ ಕೆಳಗಿನ ಪೈಪಿಗೆ ಇಟ್ಟು ಅಲ್ಲೇ ಸೊನ್ನೆ ಮಾಡಿದೆ. ಇನ್ನು ಮುಂದಿನ ಎಲ್ಲ ಕೋನವೂ ಆ ಪೈಪಿನ ಲೆಕ್ಕದಲ್ಲೇ.

ಈಗ ದಾರ. ಅಪ್ಪ ಕಾಲಮ್ಮಿನ ಹಿಂದೆ ನಿಂತು ಒಂದು ತುದಿ ಹಿಡಿದರು, ನಾನು ರ‍್ಯಾಕಿನ ಮುಂದೆ ಇನ್ನೊಂದು ತುದಿ. ಬಿಗಿಯಾಗಿ ಎಳೆದು, ನೇರ ಮೇಲಿಂದ ಒಂದೇ ಕಣ್ಣಲ್ಲಿ ನೋಡಬೇಕು. ಕಾಲಮ್, ನಡುವಿನ ಪೈಪ್, ಪಿನಿಯನ್, ಮೂರೂ ಆ ದಾರದ ಅಡಿಯಲ್ಲೇ ಇರಬೇಕು. ನೋಡಿ, ಕಾಲಮ್ 18 ಮಿಲಿಮೀಟರ್ ಹೊರಗಿದೆ. ಡ್ಯಾಶ್ ಪೈಪಿನ ಬ್ರಾಕೆಟಿಗೆ ಬರೀ ಟ್ಯಾಕ್, ಅಂದರೆ ಚುಕ್ಕೆ ವೆಲ್ಡಿಂಗ್ ಹಾಕಿದ್ದೆ, ಹಾಗಾಗಿ ಗ್ರೈಂಡರಿನಲ್ಲಿ ಬಿಡಿಸಿ ಒಳಕ್ಕೆ ಸರಿಸಿದೆ. ಈಗ ಮೂರೂ ಒಂದೇ ಗೆರೆ. ಎಡಬಲದ ಡೊಂಕು ಹೋಯಿತು, ಮೇಲೆ ಕೆಳಗಿನ ಡೊಂಕು ಮಾತ್ರ ಉಳಿಯಿತು.

ಇದಕ್ಕೆ ಯಾಕಿಷ್ಟು ಒದ್ದಾಟ ಅಂತ ಕೇಳಬಹುದು. ಈ ಜಾಯಿಂಟ್ ನೋಡಿ. ಇದು ಯೂನಿವರ್ಸಲ್ ಜಾಯಿಂಟ್, ಗ್ಯಾರೇಜಿನಲ್ಲಿ ಇದಕ್ಕೆ ಯುಜೆ ಕ್ರಾಸ್ ಅನ್ನುತ್ತಾರೆ. ಎರಡು ಯೋಕ್, ಅಂದರೆ ಕವಲು, ಒಂದೊಂದಕ್ಕೂ ಎರಡೆರಡು ಕಿವಿ, ನಡುವೆ ಕೂಡುಗುರುತಿನ ಆಕಾರದ ಕ್ರಾಸ್. 17ನೇ ಶತಮಾನದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಇದನ್ನು ಬಳಸಿದ್ದ, ಅದಕ್ಕೇ ಹುಕ್ ಜಾಯಿಂಟ್ ಅನ್ನುವ ಹೆಸರೂ ಇದೆ. ಇದು ಡೊಂಕಾಗಿ ನಿಂತು ತಿರುಗುವಾಗ ಎರಡು ಕಡೆಯ ವೇಗ ಒಂದೇ ಇರುವುದಿಲ್ಲ. ನಾನು ಒಂದೇ ಸಮ ತಿರುಗಿಸಿದರೂ ಆ ಕಡೆ ಒಂದು ಸುತ್ತಿನಲ್ಲಿ ಎರಡು ಸಲ ಮುಂದೆ ಓಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಕೋನ ಜಾಸ್ತಿಯಾದಷ್ಟೂ ಇದೂ ಜಾಸ್ತಿ. 22 ಡಿಗ್ರಿಗೆ ಸುಮಾರು ನೂರಕ್ಕೆ 7ರಷ್ಟು ನಿಧಾನ, 8ರಷ್ಟು ಜೋರು. 30 ಡಿಗ್ರಿಗೆ ಹೋದರೆ ನೂರಕ್ಕೆ 13 ನಿಧಾನ, 15 ಜೋರು.

ಎರಡನೇ ಕ್ರಾಸ್ ಇದನ್ನು ಪೂರ್ತಿ ಸರಿಮಾಡುತ್ತದೆ. ಮೊದಲನೆಯದು ಮುಂದೆ ಓಡಿಸಿದ್ದನ್ನು ಎರಡನೆಯದು ಅಷ್ಟೇ ಹಿಂದಕ್ಕೆ ಎಳೆಯುತ್ತದೆ. ಆದರೆ ಎರಡೂ ಕಡೆ ಕೋನ ಒಂದೇ ಇರಬೇಕು. ಮೇಲಿಂದ ನೋಡಿದಾಗ ಮೂರೂ ಶಾಫ್ಟ್ ಒಂದೇ ಗೆರೆಯಲ್ಲಿರಬೇಕು, ದಾರ ಹಿಡಿದದ್ದು ಅದಕ್ಕೇ. ಜೊತೆಗೆ, ನಡುವಿನ ಶಾಫ್ಟಿನ ಎರಡು ತುದಿಯ ಯೋಕುಗಳ ಕಿವಿ ಒಂದೇ ಸಾಲಿನಲ್ಲಿರಬೇಕು. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ.

ಗೇಜ್ ಇಟ್ಟೆ. ಕಾಲಮ್ 18 ಡಿಗ್ರಿ, ನಡುವಿನ ಪೈಪ್ 40, ಪಿನಿಯನ್ 26. ಅಂದರೆ ಮೇಲಿನ ಕ್ರಾಸಿನಲ್ಲಿ 22, ಕೆಳಗಿನದರಲ್ಲಿ 14. ಸರಿಯಿಲ್ಲ. ಕಾಲಮ್ ಎತ್ತಿದರೆ ಸ್ಟೀರಿಂಗ್ ತುಂಬಾ ಮೇಲೆ ಬರುತ್ತದೆ. ಅದಕ್ಕೆ ರ‍್ಯಾಕಿನ ಕ್ಲಾಂಪ್ ಸಡಿಲ ಮಾಡಿ, ರ‍್ಯಾಕನ್ನೇ ಇದ್ದಲ್ಲೇ ಸ್ವಲ್ಪ ಉರುಳಿಸಿದೆ. ಚಕ್ರಕ್ಕೆ ಹೋಗುವ ಟೈ ರಾಡ್ ಸೇರುವ ಬಾಲ್ ಜಾಯಿಂಟುಗಳು ರ‍್ಯಾಕಿನ ನಡುಗೆರೆಯಲ್ಲೇ ಇವೆ, ಹಾಗಾಗಿ ಉರುಳಿಸಿದರೆ ಅವುಗಳ ಜಾಗ ಬದಲಾಗುವುದಿಲ್ಲ, ಸಸ್ಪೆನ್ಷನ್ ಲೆಕ್ಕ ಕೆಡುವುದಿಲ್ಲ. ಪಿನಿಯನ್ 18ಕ್ಕೆ ಬಂತು. ಪೈಪನ್ನು ಹೊಸ ಉದ್ದಕ್ಕೆ ಕತ್ತರಿಸಿ ಮತ್ತೆ ಅಳೆದೆ. ಮೇಲೆ 22, ಕೆಳಗೆ 22. ಆಗಲೇ ಸಂಜೆ ಆರು. ಅಮ್ಮ ಎರಡನೇ ಸಲ ಕಾಫಿ ತಂದಿಟ್ಟಿದ್ದರು, ಅದೂ ಆರಿತ್ತು.

ಎರಡನೇ ದಿನ ಚಿಕ್ಕಮಗಳೂರಿನ ಲೇತ್ ಅಂಗಡಿ. ಅಲ್ಲಿನ ಭಾಯ್ ಮೂವತ್ತು ವರ್ಷದಿಂದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶಾಫ್ಟ್, ಟಿಲ್ಲರ್ ಶಾಫ್ಟ್ ಮಾಡುತ್ತಿರುವವರು. 19 ಮಿಲಿಮೀಟರಿನ ಈ ಶಾಫ್ಟಿಗೆ 36 ಹಲ್ಲು. ಉದ್ದಕ್ಕೆ ತಕ್ಕಂತೆ ಕತ್ತರಿಸಿದಾಗ ಒಂದು ತುದಿಯ ಹಲ್ಲು ಹೋಗುತ್ತದೆ. ಆ ತುದಿಗೆ ಎದುರುಬದುರು ಎರಡು ಬದಿ ಚಪ್ಪಟೆ ಮಾಡಿ ಡಬಲ್ ಡಿ ಆಕಾರ ಕೊಡಬೇಕು. ನಾನು ಕೇಳಿದೆ, "ಭಾಯ್, ಯೋಕನ್ನ ಶಾಫ್ಟಿಗೆ ವೆಲ್ಡಿಂಗ್ ಮಾಡಿಬಿಟ್ರೆ ಗಟ್ಟಿ ಆಗಲ್ವಾ?" ಅವರು ಕೆಲಸ ನಿಲ್ಲಿಸಿ ನನ್ನ ಕಡೆ ತಿರುಗಿದರು. "ಬೇಡಮ್ಮ. ವೆಲ್ಡಿಂಗ್ ಬಿಸಿಗೆ ಪಕ್ಕದ ಉಕ್ಕಿನ ಗುಣಾನೇ ಬದಲಾಗುತ್ತೆ. ಬಿಟ್ಟರೆ ಹೇಳದೆ ಕೇಳದೆ ಬಿಡುತ್ತೆ. ನಿನ್ನ ಕೈಯಲ್ಲಿರೋದು ಸ್ಟೀರಿಂಗು." ಆ ಮಾತು ನನಗೆ ಸಾಕಾಯಿತು.

ಮೂರನೇ ದಿನ ಕೂಡಿಸಿದೆ. ಚೆನ್ನಾಗಿ ಕೂತಿತು. ತಿರುಗಿಸಿದೆ. ಮುಂದಿನ ಚಕ್ರಗಳು ಜಾಕಿನ ಮೇಲೆ ಇದ್ದಾಗ ಏನೂ ಗೊತ್ತಾಗಲಿಲ್ಲ. ಕೆಳಗಿಳಿಸಿ ತಿರುಗಿಸಿದಾಗ ಕೈಗೆ ಬಂತು. ಭಾರ, ಹಗುರ, ಭಾರ, ಹಗುರ. ಒಂದು ಸುತ್ತಿಗೆ ಸರಿಯಾಗಿ ಎರಡು ಸಲ. ನನಗೆ ರ‍್ಯಾಕಿನ ಮೇಲೆ ಅನುಮಾನ. ಟೈ ರಾಡ್ ಬಿಚ್ಚಿದೆ, ರ‍್ಯಾಕಿನ ಅಡ್ಜಸ್ಟರ್ ಸಡಿಲ ಮಾಡಿ ನೋಡಿದೆ. ಎರಡು ಗಂಟೆ ಹೋಯಿತು, ಏನೂ ಬದಲಾಗಲಿಲ್ಲ.

ಕಂಡುಹಿಡಿದಿದ್ದು ಅಪ್ಪ. ಸುಮ್ನೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದವರು, "ಜೀಪಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ್ರೆ ಬಾಣದ ಗುರುತು ಎದುರುಬದುರು ಇಟ್ಟು ಕೂಡಿಸ್ತೀವಲ್ಲ, ಇದಕ್ಕೆ ಗುರುತು ಎಲ್ಲಿದೆ ಮಗ?" ಅಂದರು.

ಗುರುತು ಇರಲಿಲ್ಲ. ಈ ಶಾಟ್ ಹತ್ತಿರದಿಂದ ತೋರಿಸುತ್ತೇನೆ. ಮೇಲಿನ ಯೋಕಿನ ಕಿವಿ ನಿಂತಿದೆ. ಕೆಳಗಿನ ಯೋಕಿನ ಕಿವಿ ಮಲಗಿದೆ. ಕಾಲು ಸುತ್ತು ತಪ್ಪು. ಹೀಗಿದ್ದರೆ ಎರಡನೇ ಕ್ರಾಸ್ ಮೊದಲನೆಯದರ ತಪ್ಪನ್ನು ತಿದ್ದುವುದಿಲ್ಲ, ಅದರ ಮೇಲೆ ಇನ್ನೊಂದಷ್ಟು ಸೇರಿಸುತ್ತದೆ. 22 ಡಿಗ್ರಿಯ ಎರಡು ಕ್ರಾಸ್ ಸೇರಿ ನೂರಕ್ಕೆ 14 ನಿಧಾನ, 16 ಜೋರು. ಕೋನ ಅಳೆದು, ದಾರ ಹಿಡಿದು, ಎಲ್ಲ ಮಾಡಿದ್ದೆ. ಎರಡೂ ಕಿವಿಗಳನ್ನು ಒಂದು ಕ್ಷಣ ಒಟ್ಟಿಗೆ ನೋಡಿರಲಿಲ್ಲ. ತೋಟದ ಇಳಿಜಾರಿನ ತಿರುವಿನಲ್ಲಿ ಇದು ಹೀಗೆ ಕೈಗೆ ಸಿಕ್ಕಿದ್ದರೆ ಅಂತ ಯೋಚಿಸಿದರೆ ಈಗಲೂ ಭಯವಾಗುತ್ತದೆ.

ಸರಿ ಮಾಡಿದ್ದು ಸುಲಭ. ಡಬಲ್ ಡಿ ತುದಿ ತನ್ನಿಷ್ಟಕ್ಕೆ ತಿರುಗುವುದಿಲ್ಲ, ಹಲ್ಲಿನ ತುದಿ ತಿರುಗುತ್ತದೆ. 36 ಹಲ್ಲು, ಒಂದೊಂದಕ್ಕೆ 10 ಡಿಗ್ರಿ. ಕೆಳಗಿನ ಯೋಕ್ ಎಳೆದು, 9 ಹಲ್ಲು ಎಣಿಸಿ ಮತ್ತೆ ಕೂಡಿಸಿದೆ. ಎರಡೂ ಕಿವಿ ಒಂದೇ ಸಾಲು. ಈ ಸಲ ಹಳದಿ ಪೇಂಟಿನಲ್ಲಿ ಯೋಕಿನಿಂದ ಶಾಫ್ಟಿಗೆ ಗೆರೆ ಎಳೆದೆ, ಎರಡೂ ಕಡೆ.

ಬಿಗಿಯುವ ಮುಂಚೆ ಶಾಫ್ಟ್ ಯೋಕಿನೊಳಗೆ ಎಷ್ಟು ಹೋಗಿದೆ ನೋಡಬೇಕು. ತುದಿ ಯೋಕಿನ ಒಳಬದಿಗೆ ಸಮ ಇರಬೇಕು. ಕಡಿಮೆಯಾದರೆ ಹಿಡಿತ ಸಾಲದು, ಜಾಸ್ತಿಯಾದರೆ ಕ್ರಾಸಿಗೆ ಬಡಿಯುತ್ತದೆ. ಆಮೇಲೆ ಸೆಟ್ ಸ್ಕ್ರೂ ಕೂರುವ ಜಾಗದಲ್ಲಿ ಶಾಫ್ಟಿಗೆ ಡ್ರಿಲ್ಲಿನಿಂದ ಒಂದು ಸಣ್ಣ ಗುಳಿ. ಸ್ಕ್ರೂವಿನ ಮೂತಿ ಆ ಗುಳಿಯೊಳಗೆ ಕೂತರೆ ಯೋಕ್ ಜಾರುವುದಿಲ್ಲ. ಸ್ಕ್ರೂವಿನ ಥ್ರೆಡ್ಡಿಗೆ ಸಡಿಲವಾಗದಂತೆ ಹಿಡಿಯುವ ಅಂಟು, ಲಾಕ್‌ಟೈಟ್ 243, ಮೇಲೆ ಲಾಕ್ ನಟ್.

ನಡುಗೆರೆ ಹಿಡಿಯುವುದು ಬೇಗ ಆಯಿತು. ಎಡಕ್ಕೆ ಪೂರ್ತಿ ಹೋಗಿ, ಬಲಕ್ಕೆ ಪೂರ್ತಿ ಬಂದು ಎಣಿಸಿದೆ, ಮೂರೂವರೆ ಸುತ್ತು. ಅಲ್ಲಿಂದ ಒಂದೂ ಮುಕ್ಕಾಲು ಸುತ್ತು ವಾಪಸ್. ಅಲ್ಲೇ ಸ್ಟೀರಿಂಗನ್ನು ನೇರ ಕೂರಿಸಿ, ಎರಡೂ ಟೈ ರಾಡ್ ಸಮ ಮಾಡಿದೆ. ಇಂಜಿನನ್ನು ಸನಿಕೆಯಿಂದ ಮೀಟಿ ಅಲ್ಲಾಡಿಸಿದೆ, ಮೌಂಟಿನ ರಬ್ಬರ್ ಎಷ್ಟು ಬಿಡುತ್ತದೋ ಅಷ್ಟು. ಆಗಲೂ ಶಾಫ್ಟಿಗೂ ಇಂಜಿನ್ ಮೌಂಟಿನ ಬ್ರಾಕೆಟಿಗೂ ನಡುವೆ 12 ಮಿಲಿಮೀಟರ್ ಉಳಿಯಿತು.

ಇದು ರಸ್ತೆಗೆ ಹೋಗುವ ಗಾಡಿಯಲ್ಲ. ನೋಂದಣಿ ಇಲ್ಲದೆ ಸಾರ್ವಜನಿಕ ರಸ್ತೆಗೆ ಇಳಿಸುವ ಹಾಗಿಲ್ಲ, ಇಳಿಸುವುದೂ ಇಲ್ಲ. ತೋಟದ ಒಳದಾರಿ ನನಗೆ ಸಾಕು.

ಈಗ ಸಂಜೆ ಐದೂವರೆ. ನಾನು ಒಳಗೆ ಕೂತಿದ್ದೇನೆ, ಅಪ್ಪ ಹಿಂದಿನಿಂದ ತಳ್ಳುತ್ತಿದ್ದಾರೆ. ಬಲಕ್ಕೆ. ಪೂರ್ತಿ ಒಂದು ಸುತ್ತು. ಮೊದಲಿಂದ ಕೊನೆವರೆಗೆ ಕೈಗೆ ಒಂದೇ ಭಾರ. ಈಗ ಎಡಕ್ಕೆ. "ಹೆಂಗಿದೆ?" ಅಂತ ಅಪ್ಪ ಹಿಂದಿನಿಂದ ಕೇಳಿದ್ದು ಮೈಕಿನಲ್ಲಿ ಕೇಳಿಸುತ್ತದೆ. "ಇನ್ನೊಂದು ಸುತ್ತು ತಳ್ಳಿ ಅಪ್ಪ" ಅಂದೆ.