ಪಂಪಿನ ಸದ್ದು ಹಿಡಿದು ಸೋರಿಕೆ ಹುಡುಕುವುದು

ಕೇಳುಗರಿಗೆ ನಮಸ್ಕಾರ.

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಹೋಂಸ್ಟೇ ಅಂಗಳಗಳಲ್ಲಿ ಈಗೀಗ ಕ್ಯಾರವಾನ್‌ಗಳು ಬಂದು ನಿಲ್ಲುತ್ತವೆ. ಟೆಂಪೋ ಟ್ರಾವೆಲರನ್ನೇ ಮನೆಯಾಗಿಸಿಕೊಂಡದ್ದು ಕೆಲವು, ಜೀಪಿನ ಹಿಂದೆ ಎಳೆದು ತರುವ ಟ್ರೇಲರ್ ಕೆಲವು. ಒಳಗೆ ಸಿಂಕು, ಶವರ್, ಪುಟ್ಟ ಗೀಸರ್, ಇವಕ್ಕೆಲ್ಲ ನೀರೊದಗಿಸಲು ಒಂದು ಟ್ಯಾಂಕು, ಒಂದು 12 ವೋಲ್ಟಿನ ಪಂಪು. ಈ ನೀರು ಸೋರತೊಡಗಿದರೆ ಎಲ್ಲಿಂದ ಹುಡುಕಬೇಕು, ಹೇಗೆ ಸರಿಮಾಡಬೇಕು ಎಂಬುದು ಇವತ್ತಿನ ಮಾತು.

ಗಾಡಿಯ ನೆಲ ಸಾಮಾನ್ಯವಾಗಿ ಪ್ಲೈವುಡ್. ಸೆಕೆಂಡಿಗೆ ಒಂದು ಹನಿ ಬಿದ್ದರೂ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು ನೀರು ಆ ಹಲಗೆಯೊಳಗೆ ಇಳಿಯುತ್ತದೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಮ್ಮೆ ನೆನೆದ ಪ್ಲೈವುಡ್ ಒಣಗುವ ಮಾತೇ ಇಲ್ಲ. ಪದರ ಬಿಡುತ್ತದೆ, ಬೂಷ್ಟು ಹಿಡಿಯುತ್ತದೆ. ಹತ್ತು ರೂಪಾಯಿಯ ವಾಷರನ್ನು ಕಡೆಗಣಿಸಿದರೆ ಇಡೀ ನೆಲವನ್ನೇ ಕೀಳಬೇಕಾದೀತು.

ಚಳಿದೇಶಗಳಲ್ಲಿ ಪೈಪಿನೊಳಗಿನ ನೀರು ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ. ನಮಗೆ ಆ ಕಾಟವಿಲ್ಲ. ನಮ್ಮಲ್ಲಿ ಕೆಡಿಸುವುದು ಎರಡು: ಘಾಟಿ ರಸ್ತೆಯ ಕುಲುಕಾಟ, ಮತ್ತು ಹೋಸ್ ಹಾಕಿ ನೇರವಾಗಿ ಗಾಡಿಯ ಪೈಪಿಗೆ ಜೋಡಿಸುವ ಹೊರಗಿನ ನಲ್ಲಿಯ ಅತಿಯಾದ ಒತ್ತಡ.

ಸೋರಿಕೆ ಕಂಡ ಕೂಡಲೇ ಸ್ಪ್ಯಾನರ್ ಹಿಡಿದು ಕೈಗೆ ಸಿಕ್ಕ ಜಾಯಿಂಟನ್ನೆಲ್ಲ ಬಿಗಿ ಮಾಡುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಚೆನ್ನಾಗಿದ್ದ ಪ್ಲಾಸ್ಟಿಕ್ ನಟ್ಟು ಸೀಳುವುದು ಅಲ್ಲೇ. ಮೊದಲು ಪಂಪಿನ ಸದ್ದು ಕೇಳಿ.

ಟ್ಯಾಂಕಿಗೆ ಅರ್ಧದಷ್ಟು ನೀರು ತುಂಬಿ ಪಂಪು ಹಾಕಿ. ಒಂದೊಂದೇ ನಲ್ಲಿ ತೆರೆದು, ಗಾಳಿಯೆಲ್ಲ ಹೋಗಿ ನೀರು ಸಲೀಸಾಗಿ ಬರುವವರೆಗೆ ಬಿಡಿ. ಬಿಸಿನೀರಿನ ಕಡೆಯನ್ನು ಮರೆಯಬೇಡಿ. ಎಲ್ಲ ನಲ್ಲಿ ಮುಚ್ಚಿದ ಮೇಲೆ, ಒತ್ತಡ ತುಂಬಿದೊಡನೆ ಪಂಪು ತಾನಾಗಿ ನಿಲ್ಲಬೇಕು. ಇನ್ನು ಫ್ಯಾನು ಆರಿಸಿ, ಒಂದು ಗಂಟೆ ಸುಮ್ಮನೆ ಕಿವಿಗೊಡಿ. ಯಾರೂ ನಲ್ಲಿ ಮುಟ್ಟದೆ ಇದ್ದಾಗಲೂ ಪಂಪು ಒಂದು ಕ್ಷಣ ಗುರ್ ಎಂದು ನಿಂತರೆ, ಒತ್ತಡ ಎಲ್ಲೋ ಇಳಿಯುತ್ತಿದೆ.

ಒತ್ತಡ ಇಳಿದ ಮಾತ್ರಕ್ಕೆ ನೀರು ಹೊರಗೇ ಬೀಳಬೇಕೆಂದಿಲ್ಲ. ಪಂಪಿನೊಳಗೆ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಒಂದು ವಾಲ್ವ್ ಇರುತ್ತದೆ. ಅದರಲ್ಲಿ ಕಸ ಸಿಕ್ಕಿದ್ದರೆ ನೀರು ಮೆಲ್ಲಗೆ ಟ್ಯಾಂಕಿಗೇ ಮರಳುತ್ತದೆ, ನೆಲ ಮಾತ್ರ ಒಣಗಿಯೇ ಇರುತ್ತದೆ. ಇದನ್ನು ತಿಳಿಯಲು ಪಂಪಿನಿಂದ ಹೊರಟ ಪೈಪಿಗೆ ಅರ್ಧ ಇಂಚಿನ ಒಂದು ಬಾಲ್ ವಾಲ್ವ್ ಕೂರಿಸಿ. ಅದನ್ನು ಮುಚ್ಚಿದ ಮೇಲೂ ಪಂಪು ಮತ್ತೆ ಮತ್ತೆ ಗುರ್ ಎಂದರೆ ದೋಷ ಪಂಪಿನದು. ಸದ್ದು ನಿಂತರೆ ಸೋರಿಕೆ ವಾಲ್ವಿನ ಆಚೆಗಿದೆ. ಅರ್ಧ ಗಾಡಿಯನ್ನು ಹುಡುಕುವ ಕೆಲಸ ಅಲ್ಲಿಗೇ ತಪ್ಪಿತು. ಅರಸೀಕೆರೆ ಕಡೆಯ ಗಡಸು ಬೋರ್‌ವೆಲ್ ನೀರು ತುಂಬಿಸುವವರ ಪಂಪಿನ ವಾಲ್ವಿಗೆ ಬಿಳಿ ಸುಣ್ಣ ಕಟ್ಟಿರಬಹುದು. ಸಿಟ್ರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ನೆನೆಸಿ, ಮೆತ್ತಗಿನ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ.

ಪಂಪು ನಿಲ್ಲದೆ ಓಡುತ್ತಾ, ಟ್ಯಾಂಕಿನಲ್ಲಿ ನೀರಿದ್ದರೂ ನಲ್ಲಿ ಬುಸುಗುಟ್ಟಿದರೆ ಅದು ಬೇರೆಯೇ ಕಥೆ. ಟ್ಯಾಂಕಿಗೂ ಪಂಪಿಗೂ ನಡುವೆ ಗಾಳಿ ಎಳೆಯುತ್ತಿದೆ. ಅಲ್ಲಿರುವ ಜಾಲರಿ ಬಟ್ಟಲನ್ನು ಬಿಚ್ಚಿ ರಬ್ಬರ್ ಉಂಗುರ ನೋಡಿ. ಬಟ್ಟಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು.

ಸೋರಿಕೆ ಆ ಬಾಲ್ ವಾಲ್ವಿನ ಆಚೆಗಿದೆ ಎಂದಾದರೆ ಸೀಟುಗಳ ಕೆಳಗಿನ ಪೆಟ್ಟಿಗೆ, ಸಿಂಕಿನ ಕೆಳಭಾಗ ಎಲ್ಲ ತೆರೆದು, ಪ್ರತಿ ಜಾಯಿಂಟನ್ನೂ ಒಣಬಟ್ಟೆಯಿಂದ ಒರೆಸಿ. ಕೆಳಗೆ ಹಳೆಯ ಪತ್ರಿಕೆ ಹಾಸಿ ರಾತ್ರಿಯಿಡೀ ಪಂಪು ಚಾಲೂ ಇಡಿ. ಬೆಳಿಗ್ಗೆ ಕಲೆ ಎಲ್ಲಿದೆಯೋ ಅದರ ನೇರ ಮೇಲಿನದ್ದನ್ನೇ ದೂರಬೇಡಿ: ನೀರು ಪೈಪಿನ ಹೊಟ್ಟೆ ಹಿಡಿದು ಹರಿದು ಬಂದು ತಗ್ಗಿನಲ್ಲಿ ಬೀಳುತ್ತದೆ. ಒದ್ದೆಯ ಅತಿ ಎತ್ತರದ ಜಾಗ ಹುಡುಕಿ. ಟಾಯ್ಲೆಟ್ಟಿನ ಫ್ಲಶ್ ವಾಲ್ವ್ ಸದ್ದಿಲ್ಲದೆ ಒಳಗೇ ಸೋರುತ್ತದೆ. ಬೋಗುಣಿಯ ಗೋಡೆ ಒರೆಸಿ ಟಿಶ್ಯೂ ಅಂಟಿಸಿದರೆ ತಿಳಿಯುತ್ತದೆ. ಮಳೆಗಾಲದಲ್ಲಿ ತಣ್ಣನೆಯ ಪೈಪಿನ ಮೇಲೆ ಬೆವರು ಕೂರುವುದೂ ಉಂಟು, ಅದು ಸೋರಿಕೆಯಲ್ಲ. ಪಂಪು ಆರಿಸಿ, ಟ್ಯಾಂಕು ಖಾಲಿ ಮಾಡಿದ ಮೇಲೂ ಮಳೆ ಬಂದಾಗ ನೆಲ ನೆನೆದರೆ ಪೈಪು ಬಿಟ್ಟು ಕಿಟಕಿ, ಸೂರಿನ ಸೀಲಂಟ್ ನೋಡಿ.

ದೋಷ ಟ್ಯಾಂಕಿನದೇ ಎನಿಸಿದರೆ ನೀರಿನ ಮಟ್ಟಕ್ಕೆ ಟೇಪಿನಿಂದ ಗುರುತು ಹಾಕಿ. ಇಳಿಯುತ್ತಾ ಇಳಿಯುತ್ತಾ ಒಂದು ಎತ್ತರದಲ್ಲಿ ನಿಂತರೆ ತೂತು ಅದೇ ಎತ್ತರದಲ್ಲಿದೆ. ತುಂಬಿದಾಗ ಮಾತ್ರ, ಅದೂ ತಿರುವಿನಲ್ಲಿ ಸೋರಿದರೆ ಮೇಲಿನ ತುಂಬುವ ಪೈಪಿನ ಕ್ಲಾಂಪನ್ನೋ ಗಾಳಿ ಕೊಳವೆಯನ್ನೋ ನೋಡಿ. ನೂರು ಲೀಟರ್ ಎಂದರೆ ನೂರು ಕೆಜಿ. ಟ್ಯಾಂಕನ್ನು ಬಿಗಿದ ಪಟ್ಟಿ ಸಡಿಲವಾದರೆ ಟ್ಯಾಂಕು ಚೌಕಟ್ಟಿಗೆ ಉಜ್ಜಿ ಉಜ್ಜಿ ಸೀಳುತ್ತದೆ. ಪಾಲಿಎಥಿಲೀನ್ ಟ್ಯಾಂಕಿಗೆ ಎಂ-ಸೀಲ್ ಆಗಲಿ ಗಮ್ಮಾಗಲಿ ನಿಲ್ಲುವುದಿಲ್ಲ. ಅದೇ ಪ್ಲಾಸ್ಟಿಕ್ಕಿನ ಕಡ್ಡಿಯಿಂದ ಬಿಸಿಗಾಳಿಯಲ್ಲಿ ವೆಲ್ಡ್ ಮಾಡಿಸಬೇಕು.

ಇನ್ನು ಜಾಯಿಂಟು. ಕೊನೆಯಲ್ಲಿ ರಬ್ಬರ್ ವಾಷರ್ ಇರುವ ಜಾಯಿಂಟಿಗೆ ಟೆಫ್ಲಾನ್ ಟೇಪು ಸುತ್ತಬೇಡಿ. ಅಲ್ಲಿ ನೀರು ತಡೆಯುವುದು ವಾಷರೇ ಹೊರತು ತ್ರೆಡ್ಡಲ್ಲ. ವಾಷರ್ ಬದಲಿಸಿ, ಕೈಯಲ್ಲಿ ಬಿಗಿಮಾಡಿ, ಆಮೇಲೆ ಕಾಲು ಸುತ್ತು ಸಾಕು. ವಾಷರಿಲ್ಲದ ತ್ರೆಡ್ಡಿಗೆ ಮಾತ್ರ ಟೇಪು, ಬಿಗಿಯುವ ದಿಕ್ಕಿನಲ್ಲೇ ಐದಾರು ಸುತ್ತು. ಒತ್ತಿ ಕೂರಿಸುವ ಫಿಟ್ಟಿಂಗ್ ಸೋರಿದರೆ ಪೈಪಿನ ತುದಿಯನ್ನು ನೇರವಾಗಿ ಮತ್ತೆ ಕತ್ತರಿಸಿ, ಅಂಚಿನ ಸಿಬಿರು ತೆಗೆದು, ಪೂರ್ತಿ ಒಳಕ್ಕೆ ತಳ್ಳಿ. ಮನೆಗೆ ಹಾಕುವ ಸಿಪಿವಿಸಿ ಪೈಪನ್ನು ಅಂಟಿಸಿ ಕೊಡುತ್ತೇವೆ ಎನ್ನುವ ಪ್ಲಂಬರುಗಳಿದ್ದಾರೆ. ಗೋಡೆಯೊಳಗೆ ಅದು ಚೆನ್ನ, ಕುಲುಕುವ ಗಾಡಿಯಲ್ಲಿ ಬಿರುಕು ಬಿಡುತ್ತದೆ. ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಪೈಪೇ ಸರಿ, ಅದಕ್ಕೂ ಅರ್ಧರ್ಧ ಮೀಟರಿಗೆ ಅಲುಗದಂತೆ ಹಿಡಿಯುವ ಒಂದು ಸ್ಯಾಡಲ್ ಬೇಕು.

ಹೋಂಸ್ಟೇ ನಡೆಸುವವರು ಈ ಮಾತನ್ನು ಗಮನವಿಟ್ಟು ಕೇಳಿ. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಒತ್ತಡ ಕೊಡುತ್ತದೆ. ಗುಡ್ಡದ ಮೇಲೆ ನಲವತ್ತು ಮೀಟರ್ ಎತ್ತರದಲ್ಲಿ ತೊಟ್ಟಿ ಇದ್ದರೆ ಕೆಳಗಿನ ನಲ್ಲಿಯಲ್ಲಿ ನಾಲ್ಕು ಕೆಜಿ. ಕಾಫಿ ಹೂವಿಗೆ ನೀರು ಹೊಡೆಯುವ ಸ್ಪ್ರಿಂಕ್ಲರ್ ಲೈನಿಗಂತೂ ಕ್ಯಾರವಾನನ್ನು ಎಂದೂ ಜೋಡಿಸಬೇಡಿ. ಎರಡೂವರೆಯಿಂದ ಮೂರು ಕೆಜಿಗೆ ಇಳಿಸುವ ರೆಗ್ಯುಲೇಟರನ್ನು ನಲ್ಲಿಯ ತುದಿಯಲ್ಲೇ ಹಾಕಿ, ಆಗ ಹೋಸೂ ಉಳಿಯುತ್ತದೆ. ಅತಿಥಿಗಳು ಹೊರಗೆ ಹೊರಟಾಗ ನಲ್ಲಿ ಮುಚ್ಚಿಸಿ.

ಗೀಸರ್ ಕಾದಾಗ ಅದರ ಸುರಕ್ಷತಾ ವಾಲ್ವಿನಿಂದ ನಾಲ್ಕು ಹನಿ ಬಿದ್ದರೆ ಹೆದರಬೇಡಿ. ಇಪ್ಪತ್ತು ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಕಾದರೆ ಸುಮಾರು 300 ಮಿಲಿಲೀಟರ್ ಹಿಗ್ಗುತ್ತದೆ, ಅದು ಎಲ್ಲಿಗಾದರೂ ಹೋಗಬೇಕಲ್ಲ. ಆ ವಾಲ್ವಿಗೆ ಬಿರಡೆ ಜಡಿಯುವುದು ಪ್ರಾಣಕ್ಕೆ ಅಪಾಯ. ತಣ್ಣಗಾದ ಮೇಲೂ ತೊಟ್ಟಿಕ್ಕುತ್ತಿದ್ದರೆ ವಾಲ್ವನ್ನೇ ಬದಲಿಸಿ.

ರಿಪೇರಿಯ ನಂತರ ಟ್ಯಾಂಕು, ಪೈಪುಗಳಲ್ಲಿನ ರೋಗಾಣು ಸಾಯಲು, ಫಿಲ್ಟರ್ ಕಳಚಿಟ್ಟು, ನೂರು ಲೀಟರ್ ನೀರಿಗೆ ಶೇಕಡಾ 5ರ ಸೋಡಿಯಂ ಹೈಪೋಕ್ಲೋರೈಟ್ 100 ಮಿಲಿಲೀಟರ್ ಬೆರೆಸಿ. ಪ್ರತಿ ನಲ್ಲಿಯಲ್ಲೂ ವಾಸನೆ ಬರುವಷ್ಟು ಹರಿಸಿ, ನಾಲ್ಕು ಗಂಟೆ ಬಿಟ್ಟು ಪೂರ್ತಿ ಚೆಲ್ಲಿ, ವಾಸನೆ ಹೋಗುವವರೆಗೆ ಶುದ್ಧ ನೀರಿನಿಂದ ತೊಳೆಯಿರಿ. ಮೊದಲು ಬಳಸಿದ ಸಿಟ್ರಿಕ್ ಆಸಿಡ್ ಒಂದಿಷ್ಟೂ ಉಳಿದಿರಬಾರದು, ಎರಡೂ ಸೇರಿದರೆ ವಿಷಗಾಳಿ ಏಳುತ್ತದೆ. ಆಮೇಲೆ ಗಾಡಿಯನ್ನು ಐವತ್ತು ಕಿಲೋಮೀಟರ್ ಓಡಿಸಿ ಬಂದು, ಅದೇ ಪತ್ರಿಕೆ ಹಾಸಿ ಇನ್ನೊಂದು ರಾತ್ರಿ ನೋಡಿ. ನಿಂತಲ್ಲಿ ಹಿಡಿದ ಜಾಯಿಂಟು ಕುಲುಕಿದಾಗ ಬಿಡುವುದುಂಟು.

ನಮಸ್ಕಾರ.