ಹಾಲು ಕದಿಯೋ ಮೊಲ, ಮೇಯೋಕೆ ಹೋಗೋ ಜೇನು: ಐರ್ಲೆಂಡ್‌ನ ಹಳ್ಳಿ ಕಥೆಗಳು

[ದೃಶ್ಯ: ಮಕ್ಕಳ ಕೈಬರಹದ ಹಳೇ ನೋಟ್‌ಬುಕ್ ಪುಟಗಳು]

ನಮಸ್ಕಾರ! 1937ರಿಂದ 1939ರವರೆಗೆ ಐರ್ಲೆಂಡ್‌ನ ಶಾಲೆಗಳಲ್ಲಿ ಮಕ್ಕಳಿಗೆ ಒಂದು ಮಜವಾದ ಹೋಂವರ್ಕ್ ಇತ್ತು. ಮನೆಯ, ಊರಿನ ಹಿರಿಯರ ಹತ್ತಿರ ಕಥೆ ಕೇಳಿ ಬರೆದುಕೊಂಡು ಬರಬೇಕು. ಸುಮಾರು 50,000 ಮಕ್ಕಳು ಬರೆದರು. ಇದರಲ್ಲಿ ಕಾಡುಪ್ರಾಣಿಗಳ ಕಥೆ ಓದಿದರೆ ಒಂದು ತಮಾಷೆ ಕಾಣುತ್ತದೆ. ಕಥೆ ಎಲ್ಲೇ ಶುರುವಾಗಲಿ, ಎಷ್ಟೋ ಸಲ ಹಸುವಿನ ಹತ್ತಿರಾನೇ ಬಂದು ನಿಲ್ಲುತ್ತದೆ.

ಮೊಲವನ್ನೇ ನೋಡಿ. ಮೇ 1ರ ಬೆಳಗಿನ ಜಾವ ಒಂದು ಮೊಲ ಹಸುವಿನ ಕೆಚ್ಚಲಿಗೆ ಬಾಯಿ ಹಾಕಿರುತ್ತದೆ. ರೈತ ನಾಯಿ ಬಿಡುತ್ತಾನೆ. ಕಾಲಿಗೆ ಕಚ್ಚಿಸಿಕೊಂಡ ಮೊಲ ಗುಡಿಸಲೊಂದಕ್ಕೆ ನುಗ್ಗುತ್ತದೆ. ಒಳಗೆ ಮೊಲ ಇಲ್ಲ! ಕಾಲಲ್ಲಿ ರಕ್ತ ಸುರಿಯುತ್ತಿರುವ ಮುದುಕಿ ಇದ್ದಾಳೆ. ಹಸು ಹಾಲು ಕೊಡಲಿಲ್ಲ ಅಂದರೆ ಒಂಟಿ ಮುದುಕಿಯ ಮೇಲೆ ಗೂಬೆ ಕೂರಿಸೋದು. ಪಾಪ, ಅಲ್ವಾ?

[ದೃಶ್ಯ: ಹುಲ್ಲುಗಾವಲು, ಹಾಲಿನ ಕ್ಯಾನ್]

ನನಗೆ ಜಾಸ್ತಿ ಇಷ್ಟ ಸ್ಟೋಟ್ ಕಥೆ. ಮುಂಗುಸಿಯ ಹಾಗೆ ಉದ್ದ ಮೈಯ ಪುಟ್ಟ ಪ್ರಾಣಿ ಅದು. ಹುಲ್ಲು ಕೊಯ್ಯುವವರು ಸುಮ್ನೆ ಆಟಕ್ಕೆ ಅದರ ಮರಿಗಳನ್ನು ಎತ್ತಿಕೊಳ್ಳುತ್ತಾರೆ. ಗೂಡು ಖಾಲಿ ಇರೋದನ್ನು ನೋಡಿದ ತಾಯಿ, ಸೀದಾ ಅವರ ಹಾಲಿನ ಕ್ಯಾನ್ ಹತ್ತಿ ಒಳಗೆ ಉಗುಳುತ್ತದೆ. ಆ ಉಗುಳು ವಿಷ ಅಂತ ಹಳ್ಳಿಯವರ ನಂಬಿಕೆ. ನಿಜಕ್ಕೂ ವಿಷ ಏನೂ ಇಲ್ಲ. ಅವರು ಮರಿಗಳನ್ನು ವಾಪಸ್ ಇಡುತ್ತಾರೆ. ಆಗ ತಾಯಿ ಏನು ಮಾಡುತ್ತದೆ ಗೊತ್ತಾ? ಓಡಿಬಂದು, ಯಾರೂ ಆ ಹಾಲು ಕುಡಿಯದ ಹಾಗೆ ಕ್ಯಾನನ್ನೇ ಉರುಳಿಸುತ್ತದೆ!

[ದೃಶ್ಯ: ಹೂವಿನ ಮೇಲೆ ಜೇನು]

ಇನ್ನು ಜೇನು. 7ನೇ ಶತಮಾನದ ಐರಿಷ್ ಕಾನೂನು 'ಬೆಖ್‌ಬ್ರೆಥಾ' ಪೂರ್ತಿ ಜೇನಿನ ತಕರಾರುಗಳದ್ದೇ. ಹಸು ಪಕ್ಕದವರ ಹೊಲಕ್ಕೆ ನುಗ್ಗಿದರೆ ದಂಡ ಕೊಡಬೇಕು. ಜೇನಿಗೂ ಹೆಚ್ಚುಕಡಿಮೆ ಅದೇ ಲೆಕ್ಕ. ನಿಮ್ಮ ಜೇನು ನನ್ನ ಹೂವು ಮೇಯ್ದರೆ, ಮುಂದೆ ಅದರ ಹೊಸ ಗುಂಪಿನಲ್ಲಿ ನನಗೂ ಪಾಲು. ಜೇನು ಕುಟುಕಿ ಕಣ್ಣು ಹೋದ ಕೊಂಗಲ್ ಅನ್ನೋ ರಾಜ ತಾರಾ ಅನ್ನೋ ಐರ್ಲೆಂಡ್‌ನ ಹಳೇ ರಾಜಪೀಠದ ಪಟ್ಟವನ್ನೇ ಕಳೆದುಕೊಂಡ ಅಂತಲೂ ಅದರಲ್ಲಿದೆ. ಪುಟ್ಟ ಹುಳ, ಎಂಥಾ ಕೆಲಸ ನೋಡಿ!

ಕಾರ್ಕ್ ಜಿಲ್ಲೆಯ ಬ್ಯಾಲಿವೂರ್ನಿಯಲ್ಲಿ ಜೇನು ಕಾಯುವ ಕ್ರೈಸ್ತ ಸಂತ ಮಹಿಳೆ ಗೊಬ್ನೆಟ್ ಇದ್ದಾಳೆ. ಫೆಬ್ರವರಿ 11 ಅವಳ ಹಬ್ಬ. ದನಗಳ್ಳರು ಊರಿಗೆ ನುಗ್ಗಿದಾಗ ಅವಳು ಜೇನು ಬಿಟ್ಟು ಓಡಿಸಿದಳಂತೆ. ಇಲ್ಲೂ ದನವೇ! ಕಾರ್ಕ್ ನಗರದ ಹೋನನ್ ಚಾಪೆಲ್‌ನಲ್ಲಿ ಹ್ಯಾರಿ ಕ್ಲಾರ್ಕ್ ಮಾಡಿದ ಬಣ್ಣದ ಗಾಜಿನ ಕಿಟಕಿಯಲ್ಲಿ ಆ ಕಳ್ಳರು ಇನ್ನೂ ಜೇನಿಗೆ ಹೆದರಿ ಓಡುತ್ತಿದ್ದಾರೆ. ಆ ಕಡೆ ಹೋದರೆ ನೋಡಿ ಬನ್ನಿ.