ಎಲ್ಲರಿಗೂ ಗೊತ್ತಿದೆ ಅಂತ ಎಲ್ಲರಿಗೂ ಗೊತ್ತಾ?

ಕೇಳುಗರಿಗೆ ನಮಸ್ಕಾರ. ತರ್ಕಶಾಸ್ತ್ರ ಅಂದ ಕೂಡಲೇ ದಯವಿಟ್ಟು ರೇಡಿಯೋ ಆರಿಸಬೇಡಿ. ನಾನು ಹೇಳುವುದು ಒಂದೇ ಮಾತು. ಒಂದು ವಿಷಯ ಎಲ್ಲರಿಗೂ ಗೊತ್ತಿರುವುದು ಬೇರೆ. ಎಲ್ಲರಿಗೂ ಗೊತ್ತಿದೆ ಅಂತ ಎಲ್ಲರಿಗೂ ಗೊತ್ತಿರುವುದು ಬೇರೆ.

‘ಗೊತ್ತು’ ಅನ್ನುವ ಪದಕ್ಕೂ ಲೆಕ್ಕದ ಹಾಗೆ ನಿಯಮಗಳಿವೆ. ಫಿನ್‌ಲೆಂಡಿನ ತತ್ವಜ್ಞಾನಿ ಯಾಕೊ ಹಿಂಟಿಕ್ಕಾ 1962ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಅದು ಇರಲಿ, ಮೊದಲು ನನಗೆ ತುಂಬಾ ಇಷ್ಟವಾದ ಒಗಟು ಕೇಳಿ.

ಮೂರು ಮಕ್ಕಳು ಆಡಿ ಬಂದಿದ್ದಾರೆ. ಅಕ್ಕ, ತಮ್ಮ, ಪುಟ್ಟ ತಂಗಿ. ಅಕ್ಕ ಮತ್ತು ತಮ್ಮನ ಹಣೆಗೆ ಕೆಸರು ಮೆತ್ತಿದೆ. ತಂಗಿಗೆ ಇಲ್ಲ. ಬೇರೆಯವರ ಹಣೆ ಕಾಣುತ್ತದೆ, ತನ್ನ ಹಣೆ ಯಾರಿಗೂ ಕಾಣುವುದಿಲ್ಲ. ಮುಟ್ಟಿ ನೋಡುವಂತಿಲ್ಲ, ಮಾತಾಡುವಂತಿಲ್ಲ. ಅಪ್ಪ ಎಲ್ಲರ ಎದುರು ಹೇಳುತ್ತಾರೆ: “ಒಬ್ಬರ ಹಣೆಗಾದರೂ ಕೆಸರಿದೆ.” ಆಮೇಲೆ ಕೇಳುತ್ತಾರೆ: “ನಿಮ್ಮ ಹಣೆಗೆ ಕೆಸರಿದೆಯೋ ಇಲ್ಲವೋ, ಯಾರಿಗಾದರೂ ಗೊತ್ತಾ?” ಮೂವರೂ ಸುಮ್ಮನಿರುತ್ತಾರೆ. ಅಪ್ಪ ಮತ್ತೆ ಅದನ್ನೇ ಕೇಳುತ್ತಾರೆ. ಈಗ ಅಕ್ಕ, ತಮ್ಮ ಇಬ್ಬರೂ ಒಟ್ಟಿಗೆ ಕೈ ಎತ್ತುತ್ತಾರೆ!

ಹೇಗೆ? ಅಕ್ಕ ಹೀಗೆ ಯೋಚಿಸಿದಳು: ‘ನನ್ನ ಹಣೆ ಚೊಕ್ಕಟವಾಗಿದ್ದರೆ ತಮ್ಮನಿಗೆ ಕೆಸರು ಎಲ್ಲೂ ಕಾಣುತ್ತಿರಲಿಲ್ಲ. ಹಾಗಿದ್ದರೆ ಅದು ತನಗೇ ಮೆತ್ತಿದೆ ಅಂತ ಮೊದಲ ಸಲವೇ ಹೇಳುತ್ತಿದ್ದ. ಹೇಳಲಿಲ್ಲ. ಅಂದರೆ ನನಗೂ ಮೆತ್ತಿದೆ.’ ತಮ್ಮನೂ ಹಾಗೆಯೇ ಯೋಚಿಸಿದ.

ಇಲ್ಲಿ ಸ್ವಲ್ಪ ಕಿವಿಗೊಡಿ, ಜಾಸ್ತಿ ಜನ ಎಡವುವುದು ಇಲ್ಲೇ. ಅಪ್ಪ ಹೇಳಿದ್ದು ಮೂವರಿಗೂ ಮೊದಲೇ ಗೊತ್ತಿತ್ತು. ಕಣ್ಣೆದುರೇ ಕೆಸರು ಕಾಣುತ್ತಿತ್ತು ಅಲ್ವಾ? ಆದರೂ ಅಪ್ಪ ಅದನ್ನೇ ಒಬ್ಬೊಬ್ಬರ ಕಿವಿಯಲ್ಲಿ ಗುಟ್ಟಾಗಿ ಹೇಳಿದ್ದರೆ, ಎಷ್ಟು ಸಲ ಕೇಳಿದರೂ ಯಾರೂ ಕೈ ಎತ್ತುತ್ತಿರಲಿಲ್ಲ. ಯಾಕೆಂದರೆ ತಮ್ಮನಿಗೆ ಗೊತ್ತಿದೆ ಅಂತ ಅಕ್ಕನಿಗೆ ಗೊತ್ತಿರುತ್ತಿರಲಿಲ್ಲ. ಎಲ್ಲರೆದುರು ಹೇಳಿದ್ದರಿಂದ ಬದಲಾದದ್ದು ಅದೊಂದೇ. ಇದನ್ನು ಸುಮ್ನೆ ಮಕ್ಕಳಾಟ ಅನ್ನಬೇಡಿ. ಸಂದೇಶ ದಾರಿಯಲ್ಲಿ ಕಳೆದುಹೋಗಬಹುದಾದರೆ, ಎಷ್ಟು ಉತ್ತರ, ಮರುಉತ್ತರ ಕಳಿಸಿಕೊಂಡರೂ ಎರಡು ಕಂಪ್ಯೂಟರ್‌ಗಳ ನಡುವೆ ಇಂಥ ಹಂಚಿಕೊಂಡ ತಿಳಿವು ಹುಟ್ಟುವುದಿಲ್ಲ. ಇದನ್ನು ಗಣಿತದಲ್ಲೇ ಸಾಧಿಸಿ ತೋರಿಸಿದ್ದಾರೆ.

ಸಮಯ ಓಡುತ್ತಿದೆ. ‘ಗೊತ್ತು’ ಅನ್ನುವುದಕ್ಕೆ ಇರುವ ಹಾಗೆ ‘ಮಾಡಬೇಕು’ ಅನ್ನುವುದಕ್ಕೂ ತರ್ಕವಿದೆ. ಈ ಕರ್ತವ್ಯದ ತರ್ಕವನ್ನು 1951ರಲ್ಲಿ ಹೊಸದಾಗಿ ಕಟ್ಟಿದವರು ಫಿನ್‌ಲೆಂಡಿನವರೇ ಆದ ತತ್ವಜ್ಞಾನಿ ಫಾನ್ ವ್ರಿಕ್ಟ್. ಅದರ ಬೇರು ನಮ್ಮ ಕ್ರಿಯಾಪದದ ಬಾಲದಲ್ಲೇ ಇದೆ: ಬೇಕು, ಬಹುದು, ಬಾರದು. ‘ಮಾಡಬಾರದು’ ಅಂದರೆ ಮಾಡದೆ ಇರಲೇಬೇಕು. ‘ಮಾಡಬಹುದು’ ಅಂದರೆ ಮಾಡಬಾರದು ಅಂತೇನಿಲ್ಲ. ಒಂದು ಕೆಲಸ ಮಾಡಿದ ಮೇಲೆ ಯಾವುದು ನಿಜವಾಗುತ್ತದೆ ಅಂತ ಲೆಕ್ಕ ಹಾಕುವುದು ಕ್ರಿಯೆಯ ತರ್ಕ.

ತಿಳಿವು, ಕರ್ತವ್ಯ, ಕ್ರಿಯೆ, ಈ ಮೂರರ ತರ್ಕವೂ ಒಂದು ಕಡೆ ಸೇರುತ್ತದೆ. ರಸ್ತೆಯಲ್ಲಿ ನೀರಿನ ಪೈಪು ಒಡೆದಿದೆ. ಕಂಡವರು ತಿಳಿಸಬೇಕು. ಕಾಣದವರ ಮೇಲೆ ಆ ‘ಬೇಕು’ ಬರುವುದಿಲ್ಲ. ಹತ್ತು ಜನ ಕಂಡರು. ಬೇರೆ ಯಾರೋ ಹೇಳಿರುತ್ತಾರೆ ಅಂದುಕೊಂಡು ಹತ್ತೂ ಜನ ಮನೆಗೆ ಹೋದರು. ಪೈಪು ಒಡೆದದ್ದು ಅವರೆಲ್ಲರಿಗೂ ಗೊತ್ತು. ಯಾರೂ ತಿಳಿಸಿಲ್ಲ ಅನ್ನುವುದು ಮಾತ್ರ ಒಬ್ಬರಿಗೂ ಗೊತ್ತಿಲ್ಲ. ನಮಸ್ಕಾರ.